ಎಂಜೈಮ್ ಗೋಪಾಲಸಾಮಿಯ ಉಸಿರು

ನಮ್ಮಣ್ಣ ಗೋಪಾಲಸಾಮಿ ಒಳ್ಳೇವನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ತಮಿಳು ಸೀಮೇಲಿ, ಶರವಣಂಪಟ್ಟಿ ಐಟಿ ಕಟ್ಟಡಗಳ ಬೆನ್ನಿಗೆ, ಮನೇಲಿ ಕನ್ನಡ ಆಡೋ ನಮ್ಮ ನೇಕಾರರ ಬೀದಿ ಇದೆ. ಅಲ್ಲಿ ಯಾರನ್ನ ಬೇಕಾದರೂ ನಿಲ್ಲಿಸಿ, ಎಂಜೈಮ್ ಗೋಪಾಲಸಾಮಿ ಮನೆ ಎಲ್ಲಿ ಅಂತ ಕೇಳಿ. ತೋರಿಸ್ತಾರೆ, ಆದರೆ ತೋರಿಸೋ ಮುಂಚೆ ಒಂದು ಸಲ ಮುಖ ಹುಳ್ಳಗೆ ಮಾಡ್ಕೊಳ್ತಾರೆ. ನಾಲಿಗೆಗೆ ಎಲುಬಿಲ್ಲ ಅಂತಾರಲ್ಲ, ಇವನ ನಾಲಿಗೆಗೆ ನಾಚಿಕೆಯೂ ಇಲ್ಲ. ನಾನು ನಾಚಿಯಮ್ಮ, ಅವನ ಒಡಹುಟ್ಟಿದ ತಂಗಿ. ಒಂಬತ್ತು ವರ್ಷದಿಂದ ಅವನಿಗೆ ಬೇಯಿಸಿ ಹಾಕ್ತಾ ಇದ್ದೀನಿ. ಬೇರೆಯವರು ಹೇಳಿದ್ರೆ ಅದು ಚಾಡಿ, ನಾನು ಹೇಳಿದ್ರೆ ಅಲ್ಲ.

ಅವನ ಹೆಂಡತಿ ಮೂರು ವರ್ಷ ತಡ್ಕೊಂಡಳು. ಆಮೇಲೆ ದೀಪಾವಳಿಗೆ ಅಂತ ಸತ್ಯಮಂಗಲದ ತೌರಿಗೆ ಹೋದವಳು ಇವತ್ತಿಗೂ ಆ ದೀಪಾವಳಿ ಮುಗಿಸಿಕೊಂಡು ಬಂದಿಲ್ಲ. ಒಳ್ಳೇದೇ ಮಾಡಿದಳು. ಸಾರಿಗೆ ಉಪ್ಪು ಕಮ್ಮಿ ಆದ್ರೆ ಉಪ್ಪು ಕಮ್ಮಿ ಅನ್ನೋ ಗಂಡಸಲ್ಲ ಇವನು. ನಿಮ್ಮ ಮನೆಯವರಿಗೆಲ್ಲ ದೇವರು ಕೈ ಕೊಟ್ಟಿದ್ದೇ ದಂಡ ಅನ್ನೋನು. ಮದುವೆ ಮನೆಗೆ ಕರೆದ್ರೆ ಊಟಕ್ಕೆ ಮುಂಚೆ ಗಂಡಿನ ಅಂಗಿ ತುದಿ ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡ್ತಾನೆ. "ಕೊಂದಿಲ್ಲ," ಅಂತಾನೆ, ಎಲ್ಲರಿಗೂ ಕೇಳೋ ಹಾಗೆ. ಹೆಣ್ಣಿನ ಕಡೆಯವರು ಬೆಪ್ಪಾಗಿ ನಿಂತು ಬಿಡ್ತಾರೆ. ಶುಭ ಕಾರ್ಯದಲ್ಲಿ ಇದೆಂಥ ಮಾತು ಅಂತ ನಾನು ಎಷ್ಟು ಸಲ ತಲೆ ತಗ್ಗಿಸಿದ್ದೀನೋ ಲೆಕ್ಕವಿಲ್ಲ.

ಕೊಲ್ಲೋದು ಅಂದ್ರೆ ಅವನ ಕಸುಬಿನ ಮಾತು. ತಿರುಪ್ಪೂರಿನ ಒಂದು ಸಾಯಪಟ್ಟರೇಲಿ, ಅಂದ್ರೆ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೇಲಿ, ಇಪ್ಪತ್ತನಾಲ್ಕು ವರ್ಷ ಎಂಜೈಮ್ ತೊಟ್ಟಿಗೆ ಮೇಸ್ತ್ರಿ ಆಗಿದ್ದ. ನಾನು ಮಗ್ಗದಲ್ಲಿ ಕೂತು ಬೆಳೆದವಳು, ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ನೇಯುವಾಗ ಹಾಸಿನ ನೂಲು ಹರೀಬಾರದು ಅಂತ ನಾವು ಗಂಜಿ ಹಾಕ್ತೀವಿ. ಬಟ್ಟೆ ಆದ ಮೇಲೆ ಅದೇ ಗಂಜಿ ಶನಿ, ಬಣ್ಣ ಹಿಡಿಯೋಕೆ ಬಿಡಲ್ಲ. ಆಗ ತೊಟ್ಟಿಗೆ ಒಂದು ಎಂಜೈಮ್ ಬಿಡ್ತಾರೆ. ಬ್ಯಾಕ್ಟೀರಿಯಾದಿಂದ ತೆಗೆದದ್ದು. ಅದು ಗಂಜಿ ತಿಂದು ಹಾಕುತ್ತೆ, ನೂಲನ್ನ ಮುಟ್ಟಲ್ಲ. ಬನಿಯನ್ ಬಟ್ಟೆಗೆ ಇನ್ನೊಂದು ಜಾತಿ ಎಂಜೈಮ್ ಇದೆ, ಅದು ಬಟ್ಟೆ ಮೇಲೆ ಎದ್ದ ಸಣ್ಣ ಎಳೆ, ಅಂದ್ರೆ ಜುಂಗು ತಿನ್ನುತ್ತೆ. ಅದರ ಕೆಲಸ ಮುಗಿದ ತಕ್ಷಣ ನೀರನ್ನ ಕುದಿಗೆ ತಂದು ಅದನ್ನ ಸಾಯಿಸಬೇಕು. ಮರೆತರೆ ಜುಂಗಿನ ಜೊತೆ ಬಟ್ಟೆಯನ್ನೂ ತಿನ್ನೋಕೆ ಶುರು ಮಾಡುತ್ತೆ. ನಮ್ಮಣ್ಣ ಒಂದು ಸಲವೂ ಮರೀಲಿಲ್ಲ. ಬೇರೆ ಪಟ್ಟರೆಯವರು ಮರೆತದ್ದನ್ನ ಮದುವೆ ಮನೇಲಿ ಕಂಡು ಹಿಡೀತಿದ್ದ.

ಗಂಡನ ಹೆಸರು ಬಾಯಲ್ಲಿ ತರಬಾರದು ಅಂತ ನಮ್ಮಲ್ಲಿ. ಹೇಳದೆ ಈ ಕತೆ ಮುಂದಕ್ಕೆ ಹೋಗಲ್ಲ, ಅದಕ್ಕೆ ಹೇಳ್ತೀನಿ. ಮಾರಪ್ಪನ್. ನೆಗಮದ ನೇಕಾರರ ಮನೆಯವರು. ಮಗ್ಗ ನಿಂತು ಹೋದಾಗ ನಮ್ಮಣ್ಣನೇ ಅವರನ್ನ ಕರ್ಕೊಂಡು ಹೋಗಿ ತನ್ನ ತೊಟ್ಟಿ ಪಕ್ಕ ನಿಲ್ಲಿಸಿದ. ಹನ್ನೊಂದು ವರ್ಷ ಇಬ್ಬರೂ ಒಂದೇ ವ್ಯಾನಲ್ಲಿ ಹೋಗಿ ಬಂದರು. ಆಮೇಲೆ ಅವರಿಗೆ ಉಬ್ಬಸ ಹತ್ತಿತು. ಮೊದಲು ಕೆಲಸದ ದಿನ ಮಾತ್ರ, ಆಮೇಲೆ ರಜಾ ದಿನವೂ. ರಾತ್ರಿ ಎದ್ದು ಕೂತು, ಎರಡು ಕೈಯನ್ನೂ ಮಂಡಿ ಮೇಲೆ ಊರಿ, ಬಾವಿಯಿಂದ ನೀರು ಸೇದೋ ಹಾಗೆ ಉಸಿರು ಎಳೀತಿದ್ರು. ಎದೇಲಿ ಸಣ್ಣ ಸಿಳ್ಳು. ಎರಡು ವರ್ಷ ಹೀಗೇ ಇದ್ದು ಹೋಗಿಬಿಟ್ಟರು.

ಹೆಣ ಇನ್ನೂ ಅಂಗಳದಲ್ಲಿ ಇತ್ತು. ನಮ್ಮಣ್ಣ ನೆಂಟರ ಮುಂದೆ ನಿಂತು, ಬೀಡಿ ಸೇದಿ ಸತ್ತ, ಯಾರೇನು ಮಾಡೋಕಾಗುತ್ತೆ ಅಂದ. ಇದನ್ನ ನಾನು ಸಾಯೋ ತನಕ ಮರೆಯಲ್ಲ. ಅವರು ಬೀಡಿ ಸೇದ್ತಿದ್ದದ್ದು ನಿಜ. ಬಿಟ್ಟೆ ಬಿಟ್ಟೆ ಅಂತಿದ್ರು, ಬೀಡಿ ಸೇದೋರೆಲ್ಲ ಅನ್ನೋ ಮಾತು ಅದು. ನಾನು ನಂಬ್ತಿರಲಿಲ್ಲ. ಕೆಲಸದಿಂದ ಬಂದ ಅಂಗಿ ಮೂಸಿ ನೋಡ್ತಿದ್ದೆ, ಜೇಬು ತಡಕ್ತಿದ್ದೆ. ನಮ್ಮ ಮಗಳು ಕಲೈಸೆಲ್ವಿ ಆಗ ಕಾಲೇಜಿನಲ್ಲಿದ್ದಳು. ಅವಳಿಗೂ ಹೇಳ್ತಿದ್ದೆ, ನೋಡು, ನಿಮ್ಮಪ್ಪನಿಗೆ ನಿನಗಿಂತ ಬೀಡಿ ಹೆಚ್ಚು ಅಂತ. ಹುಡುಗಿ ಅದನ್ನ ಎದೇಲಿ ಬರೆದುಕೊಂಡು ಬಿಟ್ಟಳು. ಈಗ ಉಡುಮಲೈಪೇಟೇಲಿ ಗಂಡನ ಮನೇಲಿದ್ದಾಳೆ, ತೆಂಗಿನಕಾಯಿ ಮಂಡಿ ಅವರದು. ಗೋಡೆ ಮೇಲೆ ಅತ್ತೆ ಮಾವನ ಅಪ್ಪ ಅಮ್ಮ ಎಲ್ಲರೂ ಇದ್ದಾರೆ, ಅವಳಪ್ಪನ ಪಟ ಮಾತ್ರ ಇಲ್ಲ. ಆಡಿ ಅಮಾವಾಸ್ಯೆ ಸತ್ತ ಹಿರಿಯರ ದಿನ, ಅಪ್ಪನಿಗೆ ಎಡೆ ಇಡಮ್ಮ ಅಂದ್ರೆ, ಬೀಡಿಗೆ ನಮ್ಮನ್ನ ಬಿಟ್ಟು ಹೋದವರಿಗೆ ನಾನ್ಯಾಕೆ ಇಡಲಿ ಅಂತಾಳೆ. ಏನಂತ ಬೈಯಲಿ, ಮಾತು ನನ್ನದೇ ತಾನೇ.

ಗಂಡ ಹೋದ ಮೇಲೆ ಅಣ್ಣನ ಮನೆ ಸೇರ್ಕೊಂಡೆ. ನಮ್ಮದು ಎಣ್ಣೆ ಸೀಗೇಕಾಯಿ ಸಂಬಂಧ. ಅವನು ಬೈದ್ರೆ ನಾನು ಎರಡು ಬೈತೀನಿ. ಬೀಡಿ ಮಾತು ಬಂದ್ರೆ ಮಾತ್ರ ನಾನು ಸುಮ್ಮನಾಗ್ತಿದ್ದೆ, ಅದು ಅವನಿಗೆ ಗೊತ್ತು. ಜಗಳ ಸೋಲೋ ಹಾಗಾದ್ರೆ ಸಾಕು, ನಿನ್ನ ಗಂಡ ಬೀಡಿಗೆ ಹೋದೋನು ಅಂದು ಎದ್ದು ಹೋಗ್ತಿದ್ದ. ನಾಲ್ಕು ವರ್ಷದ ಹಿಂದೆ ಅವನಿಗೂ ಉಬ್ಬಸ ಬಂತು. ಒಂದು ದಿನವೂ ಬೀಡಿ ಮುಟ್ಟದವನಿಗೆ ಯಾಕೆ ಬಂತು ಅಂತ ಆಗಲೇ ನಾನು ಕೇಳಬೇಕಿತ್ತು. ಕೇಳಲಿಲ್ಲ. ವಯಸ್ಸಾಯ್ತು, ಧೂಳು ಅಂದ, ಕೆಲಸ ಬಿಟ್ಟು ಮನೇಲಿ ಕೂತ. ಡಾಕ್ಟರು ನೆಬುಲೈಸರ್ ಮೆಷಿನ್ ಇಟ್ಕೊಳ್ಳಿ ಅಂದ್ರು. ದಿನಾ ಎರಡು ಹೊತ್ತು ಅದರ ಬಟ್ಟಲಿಗೆ ಔಷಧಿ ಹಾಕಿ ಮೂಗಿಗೆ ಮುಚ್ಚಳ ಹಿಡಿದು ಕೂರೋನು. ಹೊಗೆ ಹಾಗೆ ಬರುತ್ತೆ, ಬಿಸಿ ಇರಲ್ಲ.

ವಿಶ್ವಾಸ್ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದದ್ದು ಹೋದ ವರ್ಷದ ಹಿಂದಿನ ವರ್ಷ. ಚಿತ್ರದುರ್ಗದ ಕಡೆ ಹುಡುಗ, ಇಲ್ಲೇ ಹತ್ತಿರ ಒಂದು ಸಣ್ಣ ಔಷಧಿ ಕಂಪನೀಲಿ ಸಂಶೋಧನೆ ಕೆಲಸ. ಕನ್ನಡ ಕೇಳಿದ ತಕ್ಷಣ ನನಗೆ ಹಿಗ್ಗು. ನಮ್ಮ ಕನ್ನಡ ಕೇಳಿ ಅವನಿಗೆ ನಗು, ಅರ್ಧ ತಮಿಳು ಅಲ್ವೇನಮ್ಮಾ ಅನ್ನೋನು. ಆಮಾ, ಅರ್ಧ ತಮಿಳೇ, ಏನೀಗ? ಊಟ ಪೂರ್ತಿ ತಾನೇ ಹಾಕ್ತೀನಿ? ದೋಸೆ ಮಾಡಿದ ದಿನ ಕರೀತಿದ್ದೆ. ಒಂದು ದಿನ ತಿಂತಾ ಕೂತಿದ್ದಾಗ ನೀನು ಮಾಡೋ ಕೆಲಸ ಏನಪ್ಪಾ ಅಂತ ಕೇಳಿದೆ.

ಅವನು ಹೇಳಿದ್ದು ಇಷ್ಟು. ನಮ್ಮ ಗಂಟಲು, ಮೂಗು, ಎದೆಯ ಒಳಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಕ್ಕರೆ ತುದಿಗಳಿರ್ತಾವಂತೆ. ಫ್ಲೂ ಜ್ವರದ ವೈರಸ್ ಬಂದು ಮೊದಲು ಹಿಡ್ಕೊಳ್ಳೋದು ಅದನ್ನೇ. ಹಿಡ್ಕೊಂಡ ಮೇಲೆ ಒಳಗೆ ನುಗ್ಗುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಹತ್ರ ಆ ಸಕ್ಕರೆ ತುದಿ ಕತ್ತರಿಸೋ ಎಂಜೈಮ್ ಇದೆ. ಅದನ್ನ ತೆಗೆದು ಶುದ್ಧ ಮಾಡಿ ಮಂಜಿನ ಹಾಗೆ ಎದೆಗೆ ಎಳ್ಕೊಂಡ್ರೆ ತುದಿಗಳೆಲ್ಲ ಹೋಗಿ ವೈರಸ್‌ಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ವೈರಸ್ ಎಷ್ಟು ವೇಷ ಬದಲಾಯಿಸಿದ್ರೂ ಅದೇ ತುದಿ ಬೇಕು, ಅದಕ್ಕೇ ಈ ದಾರಿ ಹಿಡಿದಿದ್ದೀವಿ ಅಂದ. ಗಾಜಿನ ತಟ್ಟೇಲಿ ಬೆಳೆಸಿದ ಜೀವಕೋಶದ ಮೇಲೂ ಇಲಿಗಳ ಮೇಲೂ ನೋಡಿದ್ದಾರೆ, ಮನುಷ್ಯರಿಗೆ ಇನ್ನೂ ಕೊಟ್ಟಿಲ್ಲ ಅಂದ. ಈ ಕೊನೇ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೇಲಿ ಓಡಿದ್ದು ಒಂದೇ. ಅಯ್ಯೋ, ಇದು ನಮ್ಮಣ್ಣ ಬನಿಯನ್‌ಗೆ ಮಾಡ್ತಿದ್ದ ಕೆಲಸವೇ ಅಲ್ವಾ, ಜುಂಗು ತೆಗೆಯೋದು!

ಅದನ್ನೇ ಬಾಯಿ ಬಿಟ್ಟು ಹೇಳಿದೆ. ಹುಡುಗ ಕುಣಿದು ಬಿಟ್ಟ. ಎಷ್ಟು ಚೆನ್ನಾಗಿ ಹೇಳಿದ್ರಿ ಅಮ್ಮ, ಸಾರ್ ಹತ್ರ ಮಾತಾಡ್ಬೇಕು ಅಂತ ಅವತ್ತೇ ಅಣ್ಣನ ಮುಂದೆ ಹೋಗಿ ಕೂತ. ನಮ್ಮಣ್ಣ ಪೂರ್ತಿ ಕೇಳಿದ. ಮುಖ ಕಲ್ಲಾಯ್ತು. ಎದೆಗೆ ಎಂಜೈಮ್ ಹೊಡೀತೀರಾ ಅಂತ ಎರಡು ಸಲ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಹಾಕಿದ.

"ಕೆಲಸ ಆದ ಮೇಲೆ ಅದನ್ನ ಹೇಗೆ ಕೊಲ್ತೀರಿ? ತೊಟ್ಟಿ ಆದ್ರೆ ಕುದಿಸ್ತೀವಿ. ಮನುಷ್ಯನ್ನ ಕುದಿಸ್ತೀರಾ?"

ವಿಶ್ವಾಸ್ ನಕ್ಕ. ನಗಬಾರದಿತ್ತು. ಮೈಯೇ ಅದನ್ನ ಎರಡು ದಿನದಲ್ಲಿ ತೊಳೆದು ಹಾಕುತ್ತೆ, ಸಕ್ಕರೆ ತುದಿ ಮತ್ತೆ ಬೆಳೆಯುತ್ತೆ ಅಂದ. ಹಾಗಾದ್ರೆ ಜ್ವರದ ಕಾಲದಲ್ಲಿ ದಿನಾ ಹೊಡೀಬೇಕು, ದಿನಾ ಹೊಡೆದ್ರೆ ಮೈ ಸುಮ್ಮನಿರುತ್ತಾ ಅಂತ ಅಣ್ಣ ಕೇಳಿದ. ಈಗ ಹುಡುಗನ ನಗು ನಿಂತಿತು. ಅದನ್ನೇ ನೋಡ್ತಾ ಇದ್ದೀವಿ ಸಾರ್, ಕೆಲವು ಇಲಿಗಳ ಮೈ ಅದರ ಮೇಲೆ ತಿರುಗಿ ಬೀಳುತ್ತೆ ಅಂದ. ಅಣ್ಣ ಎದ್ದು, ಎಂಜೈಮ್ ಉಸಿರಾಡಿದವರು ಯಾರೂ ನಿಮಗೆ ಸಿಕ್ಕಿಲ್ಲ, ಅದಕ್ಕೇ ನಗ್ತೀರಿ ಅಂದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಮಾರನೇ ದಿನದಿಂದ ಮೇಲಿನ ಮನೆಗೆ ನೀರಿನ ಮೋಟಾರ್ ಬೆಳಗ್ಗೆ ಹತ್ತು ನಿಮಿಷ ಮಾತ್ರ. ನಾನು ಕದ್ದು ಹಾಕ್ತಿದ್ದೆ, ಅವನು ಹೋಗಿ ಆರಿಸ್ತಿದ್ದ. ಬಾಡಿಗೆ ಹುಡುಗನ ಮೇಲೆ ಇಷ್ಟು ದ್ವೇಷ ಯಾಕಪ್ಪಾ ಅಂತ ನನಗೆ ತಿಳೀಲಿಲ್ಲ. ಹುಟ್ಟು ಗುಣ ಅಂದ್ಕೊಂಡೆ.

ಕಳೆದ ಮಾರ್ಗಳಿ ತಿಂಗಳ ಚಳೀಲಿ ಬೀದಿ ತುಂಬ ಜ್ವರ. ಒಬ್ಬರ ಮನೆ ಬಿಟ್ಟು ಒಬ್ಬರ ಮನೆ ಕೆಮ್ಮು. ಅಣ್ಣನಿಗೂ ಬಂತು. ಕ್ಲಿನಿಕ್ಕಿನಲ್ಲಿ ಫ್ಲೂ ಅಂದ್ರು, ಮಾತ್ರೆ ಕೊಟ್ರು, ಎದೆ ವೀಕ್ ಇದೆ, ದೊಡ್ಡ ಆಸ್ಪತ್ರೆಗೆ ಸೇರಿಸಿ ಅಂದ್ರು. ಇವನು ಹೋಗ್ತಾನಾ? ನಿನ್ನ ಗಂಡನ್ನ ಸೇರಿಸಿದ್ಯಲ್ಲ, ಎದ್ದು ಬಂದನಾ ಅಂದ. ಮೂರನೇ ದಿನಕ್ಕೆ ಉಸಿರು ಮೇಲೆ ಕೆಳಗೆ ಆಗೋಕೆ ಶುರುವಾಯ್ತು. ನೀನು ಸತ್ರೆ ನನಗೇನು ಅಂತ ಬಾಯಲ್ಲಿ ನೂರು ಸಲ ಅಂದಿದ್ದೀನಿ. ಆದರೆ ಅವನು ತುಟಿ ನೀಲಿ ಮಾಡ್ಕೊಂಡು ಕೂತದ್ದು ನೋಡಿ ಸುಮ್ಮನೆ ಕೂರೋಕೆ ಆಗಲಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದ್ದು, ಏನು ಮಾಡಲಿ.

ಭಾನುವಾರ ಬೆಳಗ್ಗೆ ಮೇಲಕ್ಕೆ ಹತ್ತಿ ವಿಶ್ವಾಸ್ ಹತ್ರ ಆ ಔಷಧಿ ಸ್ವಲ್ಪ ಕೊಡು ಅಂತ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಅದು ಔಷಧಿ ಅಂತ ಇನ್ನೂ ಆಗಿಲ್ಲ ಅಮ್ಮ, ಅದೂ ಅಲ್ಲದೆ ವೈರಸ್ ಒಳಗೆ ಹೋದ ಮೇಲೆ ಬಾಗಿಲು ಹಾಕಿ ಏನು ಪ್ರಯೋಜನ, ಸಾರ್ ಎದೆಗಂತೂ ಯಾವ ಎಂಜೈಮೂ ಸೋಕಬಾರದು, ಈಗಲೇ ಆಸ್ಪತ್ರೆಗೆ ಹೋಗೋಣ ನಡೀರಿ, ಕಾರು ತೆಗೀತೀನಿ ಅಂದ. ನನಗೆ ಕೇಳಿಸಿದ್ದು ಕೊಡಲ್ಲ ಅನ್ನೋದು ಮಾತ್ರ. ಮೋಟಾರ್ ನೀರಿನ ಸೇಡು ತೀರಿಸ್ಕೊಳ್ತಾನೆ ಅಂದ್ಕೊಂಡೆ. ನಿನ್ನ ಕಾರೂ ಬೇಡ, ನೀನೂ ಬೇಡ, ಇಷ್ಟು ದಿನ ತಿಂದ ದೋಸೆಗೆ ಒಳ್ಳೇ ಮರ್ಯಾದೆ ಮಾಡಿದೆ ಅಂತ ಬೈದು ಇಳಿದು ಬಂದೆ.

ಇಳಿಯುವಾಗ ನನಗೆ ಹಿತ್ತಿಲ ಕೋಣೆ ಕ್ಯಾನ್ ನೆನಪಾಯ್ತು. ಅಣ್ಣ ಕೆಲಸ ಬಿಡುವಾಗ ಗಂಜಿ ತಿನ್ನೋ ಎಂಜೈಮ್ ಒಂದು ಐದು ಲೀಟರ್ ಕ್ಯಾನ್ ತಂದಿದ್ದ. ಹಳೇ ಗಂಜಿ ಸೀರೆ ನೆನೆಹಾಕೋಕೆ ನಾನೇ ಒಂದು ಮುಚ್ಚಳ ಹಾಕ್ತಿದ್ದೆ. ಅದೂ ಬ್ಯಾಕ್ಟೀರಿಯಾದ್ದೇ. ಇವನ ಹತ್ರ ಇರೋದೂ ಬ್ಯಾಕ್ಟೀರಿಯಾದ್ದೇ. ಗಾಜಿನ ಶೀಶೇಲಿದ್ರೆ ಔಷಧಿ, ಕ್ಯಾನಲ್ಲಿದ್ರೆ ಸಾಮಾನು, ಅಷ್ಟೇ ತಾನೇ ವ್ಯತ್ಯಾಸ ಅಂತ ನನ್ನ ದರಿದ್ರ ಬುದ್ಧಿಗೆ ಹೊಳೀತು. ಆವಿ ಹಿಡಿಸಿದ್ರೆ ಬಿಸಿಗೆ ಸತ್ತು ಹೋಗುತ್ತೆ, ಮೆಷಿನ್‌ನಲ್ಲಿ ಬಿಸಿ ಇಲ್ಲ, ಸಾಯಲ್ಲ. ನೋಡಿ, ಅಣ್ಣ ಕಲಿಸಿದ ಪಾಠ ಎಷ್ಟು ಸರಿಯಾಗಿ ಜ್ಞಾಪಕ ಇಟ್ಕೊಂಡಿದ್ದೆ! ಕ್ಯಾನಿಂದ ಅರ್ಧ ಮುಚ್ಚಳ ನೆಬುಲೈಸರ್ ಬಟ್ಟಲಿಗೆ ಸುರಿದು, ಮೇಲೆ ಅವನ ಔಷಧಿ ಹಾಕಿ, ಸ್ವಿಚ್ ಒತ್ತಿ, ಮೆಷಿನ್ ಮುಚ್ಚಳ ಅವನ ಮೂಗಿಗೆ ಹಿಡಿದೆ. ಜ್ವರದಲ್ಲಿ ಅವನಿಗೆ ವಾಸನೆ ತಿಳೀಲಿಲ್ಲ.

ನಾಲ್ಕು ಉಸಿರು, ಇಲ್ಲ ಐದು. ಆಮೇಲೆ ಅವನು ಕಣ್ಣು ಬಿಟ್ಟು ನನ್ನ ನೋಡಿದ. ಮುಚ್ಚಳ ಕಿತ್ತು ಎಸೆದ. ಎರಡು ಕೈ ಮಂಡಿ ಮೇಲೆ ಊರಿ ಮುಂದಕ್ಕೆ ಬಗ್ಗಿದ, ಎದೆಯೊಳಗಿಂದ ಸಿಳ್ಳು ಬಂತು. ನನಗೆ ಆ ಸದ್ದು ಗೊತ್ತು. ಎರಡು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ್ದೀನಿ. ಅದೇ ಸಿಳ್ಳು, ಅದೇ ಕೂತ ಭಂಗಿ, ಕೈ ಊರಿದ್ದೂ ಹಾಗೇ. ನಾನು ಕಿರುಚಿದ್ದು ಕೇಳಿ ವಿಶ್ವಾಸ್ ಓಡಿ ಬಂದ. ಬಟ್ಟಲು ನೋಡಿದ, ಕ್ಯಾನ್ ನೋಡಿದ, ಅಣ್ಣನ್ನ ತಬ್ಬಿ ಎತ್ತಿ ಕಾರಿಗೆ ಹಾಕಿದ. ದಾರಿ ಉದ್ದಕ್ಕೂ ನನ್ನನ್ನ ಬೈದ. ಒಂದೊಂದು ಎಂಜೈಮೂ ಒಂದೊಂದು ಕೆಲಸಕ್ಕೆ, ಬಟ್ಟೆಗೆ ಮಾಡಿದ್ದನ್ನ ಎದೆಗೆ ಹಾಕ್ತೀರಾ, ನಿಮಗೆ ನಾನು ಯಾಕೆ ಹೇಳಿದೆ ಅಂತ ತನಗೂ ಬೈಕೊಂಡ. ಆ ಹುಡುಗ ಅವತ್ತಿನ ತನಕ ಧ್ವನಿ ಎತ್ತಿದ್ದಿಲ್ಲ.

ಆಸ್ಪತ್ರೇಲಿ ತೊಡೆಗೆ ಸೂಜಿ ಚುಚ್ಚಿದ್ರು, ಆಕ್ಸಿಜನ್ ಹಾಕಿದ್ರು. ಸಂಜೆಗೆ ಡಾಕ್ಟರಮ್ಮ ಬಂದು ಬದುಕಿದ್ರು ಅಂದ್ರು. ಆಮೇಲೆ ಕ್ಯಾನಿನ ಫೋಟೋ ವಿಶ್ವಾಸ್ ಮೊಬೈಲಲ್ಲಿ ನೋಡಿ, ಇವರು ಇದರ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದಾರೆ ಅಂತ ಕೇಳಿದ್ರು. ಈಗ ದ್ರವ ಬರುತ್ತೆ, ಮುಂಚೆ ಪುಡಿ ಬರ್ತಿತ್ತು, ಚೀಲ ಬಿಚ್ಚಿ ಸುರಿಯೋವಾಗ ಎದ್ದ ಪುಡಿ ಎದೆಗೆ ಹೋಗಿ ಹೋಗಿ ಮೈ ಅದಕ್ಕೆ ಹಗೆ ಕಟ್ಟಿಕೊಳ್ಳುತ್ತೆ, ಹಾಗಾದವರಿಗೆ ಚಿಟಿಕೆ ಸಾಕು ಅಂತ ವಿವರಿಸಿದ್ರು. ಎಂಜೈಮ್ ಪುಡಿ ಕೆಲಸದವರಿಗೆ ಬರೋ ಉಬ್ಬಸ ಇದು, ಪುಸ್ತಕದಲ್ಲೇ ಇದೆ ಅಂದ್ರು. ಇವರ ಜೊತೆ ಕೆಲಸ ಮಾಡಿದ ಬೇರೆ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರು.

ಅಣ್ಣ ಗೋಡೆ ಕಡೆ ಮುಖ ತಿರುಗಿಸಿದ.

ನಾನು, ನಮ್ಮ ಯಜಮಾನರಿಗೆ ಇತ್ತು ಅಂದೆ.

ಡಾಕ್ಟರಮ್ಮ ಹೋದ ಮೇಲೆ ನಾನು ಮಂಚದ ಆ ಕಡೆ ಹೋಗಿ ಅವನ ಮುಖಕ್ಕೆ ಎದುರಾಗಿ ನಿಂತೆ. ವಿಶ್ವಾಸ್ ಬಾಗಿಲಲ್ಲಿದ್ದ, ಇರಲಿ ಅಂದ್ಕೊಂಡೆ. ನಿನಗೆ ಗೊತ್ತಿತ್ತಾ ಅಂತ ಕೇಳಿದೆ. ಅವನು ಕಣ್ಣು ಮುಚ್ಚಿದ. ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, ಬಿಟ್ಟು ಬಿಟ್ಟು ಹೇಳಿದ.

"ಪಟ್ಟರೇಲಿ ಒಂದೇ ಮಾಸ್ಕ್ ಕೊಟ್ಟಿದ್ರು ನಾಚೀ. ಮೇಸ್ತ್ರಿ ನಾನು. ನಾನು ಹಾಕ್ಕೊಂಡೆ. ಅವನು ಟವಲ್ ಕಟ್ಕೊಂಡ."

ಪುಡಿ ಚೀಲ ಸುರಿಯೋದು ಅವರ ಕೆಲಸ, ಅಳತೆ ನೋಡೋದು ಇವನ ಕೆಲಸ. ಆ ಮಾಸ್ಕೂ ಸುಮಾರಾದ್ದು, ನಿಧಾನಕ್ಕೆ ಇವನ ಎದೆಗೂ ಇಳೀತು. ಅವರು ಹೋದ ದಿನ ಪಟ್ಟರೆ ಮಾಲೀಕ ಬಂದು ಏನಾಗಿತ್ತು ಅಂತ ಕೇಳಿದಾಗ ಇವನ ಬಾಯಿಗೆ ಬೀಡಿ ಅನ್ನೋ ಮಾತು ಬಂತಂತೆ. ಪುಡಿ ಅಂದಿದ್ರೆ, ಯಾರ ಮೇಸ್ತ್ರಿತನದಲ್ಲಿ ಅಂತ ಮುಂದಿನ ಪ್ರಶ್ನೆ. ಬೀಡಿ ಅಂದ್ರೆ ಪ್ರಶ್ನೆಯೇ ಇಲ್ಲ. ಎಲ್ಲರೂ ನಂಬಿದ್ರು ಅಂದ.

ಪಾಪಿ, ನನ್ನ ಗಂಡನ್ನ ಕೊಂದದ್ದೂ ಅಲ್ಲದೆ ಅವರ ಹೆಸರನ್ನೂ ಕೊಂದೆ, ನನ್ನ ಮಗಳಿಂದ ಅಪ್ಪನ್ನ ಕಿತ್ಕೊಂಡೆ ಅಂತ ನಾನು ಬೈದೆ. ನರ್ಸ್ ಬಂದು ಗದರಿದ್ರೂ ಬೈದೆ. ಕೊನೆಗೆ ಅವನ ಹಳೇ ಕೊಂಕು ಮುಖ ಮತ್ತೆ ಬಂತು.

"ಅವನು ಬೀಡಿ ಬಿಟ್ಟು ಆರು ವರ್ಷ ಆಗಿತ್ತು. ವ್ಯಾನಲ್ಲಿ ದಿನಾ ಪಕ್ಕದಲ್ಲಿ ಕೂರ್ತಿದ್ದೆ, ನನಗೆ ಗೊತ್ತು. ನಿನಗೂ ಹೇಳಿದ್ದ. ನಾನು ಸುಳ್ಳು ಹೇಳಿದ್ದು ಅವನು ಸತ್ತ ಮೇಲೆ. ಅವನು ಬದುಕಿದ್ದಾಗಲೇ ನೀನು ನಂಬಲಿಲ್ಲ."

ಅವನ ಕಪಾಳಕ್ಕೆ ಹೊಡೀಬೇಕು ಅಂತ ಕೈ ಎತ್ತಿದೆ. ಹೊಡೆಯೋಕೆ ಆಗಲಿಲ್ಲ. ಆ ಮಾತು ಸುಳ್ಳಾಗಿದ್ರೆ ಹೊಡೀತಿದ್ದೆ.

ಮೂರನೇ ದಿನ ಅವನಿಗೆ ಮಾತು ಸರಿಯಾಗಿ ಬಂತು. ವಿಶ್ವಾಸ್ ಒಂದು ನೋಟ್‌ಬುಕ್ ತಂದು ಪಕ್ಕದಲ್ಲಿ ಕೂತ. ಪುಡಿ ಚೀಲ ದಿನಕ್ಕೆ ಎಷ್ಟು, ಮೊದಲ ಕೆಮ್ಮು ಯಾವಾಗ, ರಜೇಲಿ ಕಮ್ಮಿ ಆಗ್ತಿತ್ತಾ ಅಂತೆಲ್ಲ ಕೇಳಿ ಬರ್ಕೊಂಡ. ನಮ್ಮ ಔಷಧಿ ಮನುಷ್ಯರಿಗೆ ಕೊಡೋ ದಿನ ಬಂದಾಗ, ಎಂಜೈಮ್ ಕೆಲಸ ಮಾಡಿದವರನ್ನ ಮೊದಲೇ ಕೇಳಿ ಹೊರಗಿಡಬೇಕು, ತಿರುಪ್ಪೂರಿನ ಪಕ್ಕದಲ್ಲೇ ಕೂತು ಈ ಮಾತು ನಮ್ಮ ಪಟ್ಟೀಲಿ ಇರಲಿಲ್ಲ ಸಾರ್ ಅಂದ. ಅಣ್ಣ ಅವನಿಗೂ ಒಳ್ಳೇ ಮಾತು ಆಡಲಿಲ್ಲ. ಹೋದ ವರ್ಷವೇ ಹೇಳ್ತಿದ್ದೆ, ನೀವು ನಕ್ಕಿರಿ ಅಂದ. ಆದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನ ಎದೆ ಬಗ್ಗೆ ಬರ್ಕೊಂಡು ಕೇಳಿದವರು ಯಾರೂ ಇರಲಿಲ್ಲ.

ನಾನು ಅಣ್ಣನಿಗೆ ಒಂದೇ ಒಂದು ಕೆಲಸ ಹೇಳಿದೆ. ಕಲೈಸೆಲ್ವಿಗೆ ನಿನ್ನ ಬಾಯಿಂದಲೇ ಹೇಳಬೇಕು, ಇಲ್ಲದಿದ್ರೆ ನಿನ್ನ ಅನ್ನಕ್ಕೆ ನಾನು ಒಲೆ ಹಚ್ಚಲ್ಲ ಅಂದೆ. ಬೇಡ ಅಂತಾನೆ ಅಂದ್ಕೊಂಡಿದ್ದೆ. ಅವನು ಫೋನ್ ಇಸ್ಕೊಂಡ. ಮಾಸ್ಕ್, ಟವಲ್, ಮಾಲೀಕನಿಗೆ ಹೇಳಿದ ಸುಳ್ಳು, ಏನೂ ಬಿಡಲಿಲ್ಲ. ಆರು ವರ್ಷದ ಮಾತೂ ಹೇಳಿದ. ನನಗೂ ಕೇಳಲಿ ಅಂತ ಅವನು ಸ್ಪೀಕರ್ ಹಾಕಿದ. ಆಗ ನನ್ನ ಮಗಳ ಧ್ವನಿ ಬಂತು.

"ಬೀಡಿ ಬಿಟ್ಟಿದ್ದೀನಿ ಅಂತ ಅಮ್ಮನಿಗೆ ಅಪ್ಪ ಹೇಳಿದ್ರಾ ಮಾವ?"

ನಮ್ಮಣ್ಣ ನನ್ನ ಮುಖ ನೋಡಿದ. ಜನ್ಮದಲ್ಲಿ ಒಂದು ಸಲವೂ ಮಾತಿಗೆ ತಡವರಿಸದವನು ಫೋನ್ ನನ್ನ ಕಡೆ ನೀಡಿದ. ಅವನು ಹೌದು ಅಂತ ಬಿಸಾಕಿದ್ರೆ ನನಗೆ ಎಷ್ಟೋ ಸುಲಭ ಆಗ್ತಿತ್ತು.

ನಾನು ಹೇಳಿದೆ. ಹೇಳಿದ್ರಮ್ಮ, ನಾನೇ ನಂಬಲಿಲ್ಲ ಅಂದೆ. ಅವಳು ಬೈಯಲಿ ಅಂತ ಕಾದೆ. ಬೈಯಲಿಲ್ಲ, ಸರಿ, ಫೋನ್ ಇಡ್ತೀನಿ ಅಂತ ಪಕ್ಕದ ಮನೆಯವರಿಗೆ ಹೇಳೋ ಹಾಗೆ ಹೇಳಿ ಇಟ್ಟಳು.

ಈ ವರ್ಷ ಆಡಿ ಅಮಾವಾಸ್ಯೆಗೆ ಉಡುಮಲೈಪೇಟೇಲಿ ಅವಳು ಅಪ್ಪನಿಗೆ ಎಡೆ ಇಟ್ಟಳಂತೆ. ಪಟ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ, ಅಳಿಯ ಫೋಟೋ ಕಳಿಸಿದ್ರು. ವಡೆ, ಪಾಯಸ, ಹೂವು, ಎಲ್ಲ ಅಚ್ಚುಕಟ್ಟು. ನೆಗಮದಿಂದ ಅವಳಪ್ಪನ ಕಡೆಯವರನ್ನೆಲ್ಲ ಕರೆಸಿದ್ದಳು. ನಮ್ಮಿಬ್ಬರನ್ನ ಕರೀಲಿಲ್ಲ. ಅವತ್ತು ನಾನು ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ, ಅಣ್ಣ ಹಾಗೇ ಪೂರ್ತಿ ತಿಂದೆದ್ದ.